ಮೇಷ್ಟ್ರು ಹಾರ್ನ್ ಒತ್ತಿದ್ದು

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಊರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ಅವರಿಂದ ಬೈಸಿಕೊಂಡೇ ಕಲಿತವರು. ಬೈಯುವುದರಲ್ಲಿ ಅವರಿಗೆ ಭೇದಭಾವವಿರಲಿಲ್ಲ. ಡಾಕ್ಟರಿಗೂ ಅದೇ, ಡಾಕ್ಟರ ಕಾಂಪೌಂಡರಿಗೂ ಅದೇ. ಮೊದಲ ಪಾಠ ಮಾತ್ರ ಯಾವಾಗಲೂ ಹಾರ್ನಿನದು.

“ಹಾರ್ನ್ ಅಂದ್ರೆ ಜಗಳ ಅಲ್ಲಯ್ಯ, ನಮಸ್ಕಾರ. ನಿಮ್ಮನ್ನ ನೋಡಿದೀನಿ ಅಂತ ಹೇಳೋದು. ವಯಸ್ಸಾದೋರು ಕಂಡ್ರೆ ಎರಡು ಸಲ, ಮೆತ್ತಗೆ.”

ಇಂಥ ಮೇಷ್ಟ್ರು ಪರದೇಶದಲ್ಲಿ ಎಲ್ ಬೋರ್ಡ್ ಅಂಟಿಸಿಕೊಂಡು ಓಡಾಡಬೇಕಾಯಿತು. ನರ್ಸ್ ಆಗಿದ್ದ ಹೆಂಡತಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅವಳು ಮೊದಲು ಹೋದಳು. ಇವರು ಸ್ಕೂಲಿಗೆ ಬೀಗ ಹಾಕಿ ಹಿಂದಿನಿಂದ ಹೋದರು. ನಿಮ್ಮ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ, ಹೊಸದಾಗಿ ಟೆಸ್ಟ್ ಕೊಡಿ ಎಂದರು ಅಲ್ಲಿನ ಅಧಿಕಾರಿಗಳು. ಹೆಡ್‌ಮಾಸ್ಟರನ್ನು ಒಂದನೇ ಕ್ಲಾಸಿನ ಬೆಂಚಿನಲ್ಲಿ ಕೂರಿಸಿದ ಹಾಗಾಯಿತು.

ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಓಡುತ್ತಿದ್ದವು. ಇಂಡಿಕೇಟರ್ ಹಾಕಲು ಹೋದರೆ ಸುಡುಬಿಸಿಲಿನಲ್ಲಿ ವೈಪರ್ ಓಡುತ್ತಿತ್ತು. ಲೇನ್ ತಪ್ಪಿತೋ, ತಿರುಗಿ ಬರಲು ಇನ್ನೊಂದು ಊರನ್ನೇ ನೋಡಿಕೊಂಡು ಬರಬೇಕು. ದೊಡ್ಡ ಸರ್ಕಲ್ಲಿನಲ್ಲಿ ಹೊರಬೀಳುವ ದಾರಿ ಸಿಗದೆ ಒಮ್ಮೆ ಪ್ರದಕ್ಷಿಣೆ ಹಾಕಿದ್ದೇ ಹಾಕಿದ್ದು. ಇಷ್ಟಾದರೂ ಯಾರೂ ಬೈಯುತ್ತಿರಲಿಲ್ಲ, ಹಿಂದಿನವರು ಹಾರ್ನ್ ಕೂಡ ಒತ್ತದೆ ಸುಮ್ಮನೆ ಕಾಯುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಮರ್ಯಾದೆ ಕಂಡರೆ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು.

ಲೇನ್ ತಪ್ಪಿಸಿಯೇ ಒಂದು ಟೆಸ್ಟ್ ಫೇಲಾಗಿದ್ದರು. ಎರಡನೆಯದನ್ನು ಬಿಡುವ ಹಾಗಿರಲಿಲ್ಲ. ಹೆಂಡತಿಯ ಆಸ್ಪತ್ರೆಯಲ್ಲಿ ರೋಗಿಗಳನ್ನು ಮನೆಗೆ ಬಿಟ್ಟುಬರುವ ವ್ಯಾನಿಗೆ ಡ್ರೈವರ್ ಬೇಕಾಗಿತ್ತು. ಈ ಟೆಸ್ಟ್ ಮುಗಿಯುವ ತನಕ ಕಾಯುತ್ತೇನೆ, ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ಅಲ್ಲಿನ ಮೇಲ್ವಿಚಾರಕ ಹೇಳಿ ಕಳಿಸಿದ್ದ. ಮೇಷ್ಟ್ರಿಗೆ ಮನೆಯಲ್ಲಿ ಕೂತು ಪಾತ್ರೆ ತೊಳೆದು ಸಾಕಾಗಿತ್ತು. ಹೆಂಡತಿ ಕೊಂಡಿಟ್ಟಿದ್ದ ಹಳೆಯ ಕಾರು ಮನೆ ಮುಂದೆ ದೂಳು ತಿನ್ನುತ್ತಿತ್ತು. ಅವಳು ದಿನಾ ಎರಡೆರಡು ಬಸ್ಸು ಹತ್ತಿ ಇಳಿದು ಕೆಲಸಕ್ಕೆ ಹೋಗುತ್ತಿದ್ದಳು.

ಟೆಸ್ಟಿನ ದಿನ ಪರೀಕ್ಷೆ ಮಾಡುವ ಹೆಂಗಸು ಪಕ್ಕದಲ್ಲಿ ಕೂತಳು. ಲೇನ್ ಸರಿಹೋಯಿತು, ಸರ್ಕಲ್ ಸರಿಹೋಯಿತು, ವೈಪರ್ ಕೂಡ ಬಾಯಿ ಮುಚ್ಚಿಕೊಂಡಿತ್ತು. ಔಷಧಿ ಅಂಗಡಿಯ ಮುಂದೆ ಜನ ದಾಟುವ ಬಿಳಿ ಪಟ್ಟೆ ಬಂತು. ಮುದುಕನೊಬ್ಬ ವಾಕರ್ ಹಿಡಿದು ಇಂಚಿಂಚೇ ದಾಟುತ್ತಿದ್ದ. ಮೇಷ್ಟ್ರು ನೀಟಾಗಿ ನಿಲ್ಲಿಸಿದರು. ನಿಲ್ಲಿಸಿದವರು ಸುಮ್ಮನಿರಬಾರದೇ? ನಿಧಾನವಾಗಿ ಹೋಗಿ ಯಜಮಾನರೇ, ನೋಡಿದೀನಿ ಎಂದು ಕೈ ತನ್ನಷ್ಟಕ್ಕೆ ತಾನೇ ಹಾರ್ನ್ ಒತ್ತಿತು. ಎರಡು ಸಲ, ಮೆತ್ತಗೆ.

ಮುದುಕ ಬೆಚ್ಚಿಬಿದ್ದ. ವಾಕರ್ ಒಂದು ಕಡೆ ವಾಲಿತು, ಅವನು ನಡುರಸ್ತೆಯಲ್ಲಿ ಕುಸಿದು ಕೂತ. ಮೇಷ್ಟ್ರು ಎದ್ದೆನೋ ಬಿದ್ದೆನೋ ಎಂದು ಇಳಿದು ಓಡಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಪೆಟ್ಟೇನೂ ಆಗಿರಲಿಲ್ಲ. ಅವನ ಮೈ ಮಾತ್ರ ನಡುಗುತ್ತಿತ್ತು.

“ಕ್ಷಮಿಸಿ, ಆಪರೇಷನ್ ಆದ್ಮೇಲೆ ಬೇಗ ನಡೆಯೋಕಾಗಲ್ಲ. ನಿಮಗೆ ತಡ ಮಾಡಿಬಿಟ್ಟೆ” ಎಂದ ಮುದುಕ. ಬೀಳಿಸಿದವರ ಹತ್ತಿರ ಬಿದ್ದವನು ಕ್ಷಮೆ ಕೇಳುತ್ತಿದ್ದ. ಫುಟ್‌ಪಾತಿನ ಮೇಲೆ ನಿಂತ ಜನ ಮೇಷ್ಟ್ರ ಮುಖ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವರಿಗೆ.

“ಯಾಕೆ ಹಾರ್ನ್ ಮಾಡಿದ್ರಿ?” ಎಂದು ಪರೀಕ್ಷೆಯವಳು ಕೇಳಿದಳು.

“ಮರ್ಯಾದೆಗೆ” ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೇ ಅದು ಹುಚ್ಚರ ಮಾತಿನ ಹಾಗೆ ಕೇಳಿಸಿತು. ಅವಳು ಸ್ಟೀರಿಂಗ್ ಕಡೆ ಬಂದು ಕೂತಳು. ಮೇಷ್ಟ್ರು ಪಕ್ಕದ ಸೀಟಿಗೆ ಹೋದರು. ಜೀವಮಾನವೆಲ್ಲ ರಾಜನ ಹಾಗೆ ಕೂತು ದರ್ಬಾರು ಮಾಡಿದ್ದ ಸೀಟು ಅದು. ಈಗ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತರು.

ಮೇಷ್ಟ್ರಿಗೆ ಅಭ್ಯಾಸ ಮಾಡಿಸುತ್ತಿದ್ದ ಅಲ್ಲಿನ ತರಬೇತುದಾರ ಟೆಸ್ಟ್ ಆಫೀಸಿನ ಹೊರಗೆ ಕಾದಿದ್ದ. ದಢೂತಿ ಆಸಾಮಿ, ಬಾಯಿ ತುಂಬ ನಗು. ಇವರ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಮನೆಗೆ ಕರೆದೊಯ್ಯುವಾಗ ಸಮಾಧಾನ ಹೇಳಿದ: “ಬಿಡಿ ಸಾರ್, ನಿಮ್ಮ ಹೆಂಡ್ತೀನೂ ಮೊದಮೊದಲು ಹೆದರ್ತಿದ್ರು. ಆಮೇಲೆ ಒಂದೇ ಸಲಕ್ಕೆ ಪಾಸಾಗ್ಲಿಲ್ವಾ?”

“ನನ್ನ ಹೆಂಡ್ತೀನಾ?”

“ಹೌದು, ನೀವು ಇಲ್ಲಿಗೆ ಬರೋ ಮುಂಚೆ. ನಾನೇ ಕಲಿಸಿದ್ದು. ಯಾಕೆ, ಗೊತ್ತಿಲ್ವಾ?”

“ಗೊತ್ತು, ಗೊತ್ತು” ಎಂದು ಮೇಷ್ಟ್ರು ಕಿಟಕಿಯಾಚೆ ನೋಡಿದರು.

ಮದುವೆಯ ಹೊಸದರಲ್ಲಿ ಅವಳು ಆಸೆಪಟ್ಟು ಒಂದು ದಿನ ಸ್ಟೀರಿಂಗ್ ಹಿಡಿದಿದ್ದಳು. ಕಾರು ಜಗ್ಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕಲಿಯಲು ಬಂದವರಿದ್ದರು. “ಸೌಟು ಹಿಡಿದಷ್ಟು ಸುಲಭ ಅಂದ್ಕೊಂಡ್ಯಾ? ಇಳಿ, ಮನೆಗೆ ಹೋಗು” ಎಂದು ಮೇಷ್ಟ್ರು ನಕ್ಕಿದ್ದರು. ಹಿಂದಿದ್ದವರೂ ನಕ್ಕಿದ್ದರು. ಅವಳು ನಡೆದೇ ಹೋದವಳು ಮತ್ತೆ ಆ ಮಾತು ಎತ್ತಿರಲಿಲ್ಲ.

ಗಂಡನ ಮಾನ ಉಳಿಸಲೆಂದೇ ಮುಚ್ಚಿಟ್ಟಿದ್ದಾಳೆ ಎಂದುಕೊಂಡರು ಮೇಷ್ಟ್ರು. ಅಷ್ಟು ನಾಚಿಕೆಯ ನಡುವೆ ಅದೊಂದು ಆಸರೆಯಾಗಿತ್ತು.

ಸಂಜೆ ಹೆಂಡತಿ ಬಂದು ಮಳೆಗೆ ಒದ್ದೆಯಾದ ಷೂ ಬಿಚ್ಚುತ್ತಾ, “ಆಗ್ಲಿಲ್ವಾ?” ಎಂದಳು. ಇಲ್ಲವೆಂದು ಇವರು ತಲೆಯಾಡಿಸಿದರು. “ಹೋಗ್ಲಿ ಬಿಡಿ. ಬೇರೆ ಕೆಲಸ ಸಿಗುತ್ತೆ.”

“ನೀನು ಪಾಸಾಗಿದೀಯಂತಲ್ಲ.”

ಅವಳ ಕೈ ಷೂ ಮೇಲೆ ನಿಂತಿತು.

“ನನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ, ಅಲ್ವಾ?” ಹೂಂ ಎಂದುಬಿಡಲಿ ಎಂದು ಮೇಷ್ಟ್ರು ಕಾದರು.

“ಅದಲ್ಲ ರೀ” ಎಂದಳು ಅವಳು, ತಲೆಯೆತ್ತದೆ. “ಹೇಳಿದ್ರೆ, ಎಲ್ಲಿ ಓಡಿಸು ನೋಡೋಣ ಅಂತೀರ. ನೀವು ಪಕ್ಕದಲ್ಲಿ ಕೂತ್ರೆ ನನಗೆ ಕೈಕಾಲು ನಡುಗುತ್ತೆ. ಅದಕ್ಕಿಂತ ಬಸ್ಸೇ ವಾಸಿ ಅನ್ನಿಸ್ತು.”

ಮೇಷ್ಟ್ರು ಎದ್ದು ಹೋಗಿ ಕಾರಿನ ಬೀಗದ ಕೈ ತಂದು ಅವಳ ಮುಂದಿಟ್ಟರು. “ನಾಳೆಯಿಂದ ಕಾರಲ್ಲಿ ಹೋಗು. ನಾನು ಹತ್ರಾನೂ ಬರಲ್ಲ” ಎಂದರು.

ಅವಳು ಅವರ ಮುಖವನ್ನು ಒಮ್ಮೆ ನೋಡಿದಳು, ನಗುತ್ತಿದ್ದಾರೇನೋ ಎಂದು.

ಬೆಳಿಗ್ಗೆ ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಎಂಜಿನ್ ಶುರುವಾಗಿ, ಜಗ್ಗಿ, ನಿಂತುಹೋಯಿತು. ಕ್ಲಚ್ ನಿಧಾನವಾಗಿ ಬಿಡು ಎಂಬ ಮಾತು ಮೇಷ್ಟ್ರ ಗಂಟಲಿನ ತನಕ ಬಂತು. ಪರದೆ ಅಲ್ಲಾಡಿದರೂ ಅವಳ ಕೈ ನಡುಗೀತು ಎಂದು ಅವರು ಕಿಟಕಿಯ ಹತ್ತಿರ ಹೋಗದೆ, ಕಾರು ಮತ್ತೆ ಶುರುವಾಗಿ ಅದರ ಸದ್ದು ದೂರವಾಗುವ ತನಕ ಗೋಡೆಗೆ ಒತ್ತಿಕೊಂಡು ನಿಂತಿದ್ದರು.