ಸವೆದ ಉಂಗುರದ ಗೊರವ

ಬೆಳಿಗ್ಗೆ ಏಳೂವರೆಗೆ ಪಕ್ಷಿ ಕೇಂದ್ರದ ಫೋನು ಬಡಿದುಕೊಂಡಾಗ ಸೊಸೆಯ ಬಾಯಲ್ಲಿ ಅರ್ಧ ಬಿಸ್ಕತ್ತು ಇತ್ತು. ಜವುಗಿನಲ್ಲಿ ಬಲೆ ಹಾಕಲು ಹೋಗಿದ್ದ ಹುಡುಗಿಯ ಕರೆ. ಸೊಸೆ ಸ್ಪೀಕರ್ ಒತ್ತಿದಳು. ಮೊಣಕಾಲಿಗೆ ನೀರು ತಾಗದಷ್ಟು ಉದ್ದ ಕಾಲಿನವಳಾದ್ದರಿಂದ ಅವಳನ್ನು ಎಲ್ಲರೂ ಬೆಳ್ಳಕ್ಕಿ ಎಂದೇ ಕರೆಯುತ್ತಿದ್ದರು.

"ಅಕ್ಕಾ, ಕೈಯಲ್ಲಿ ಒಂದು ಗೊರವ ಹಕ್ಕಿ ಇದೆ. ಕಾಲಲ್ಲಿ ನಮ್ಮದೇ ಹಳೇ ಉಂಗುರ. ಸವೆದು ಹೋಗಿದೆ, ಆರು ಅಂಕೀಲಿ ನಾಲ್ಕೇ ಕಾಣ್ತಿರೋದು. ಅಕ್ಕಾ, ಎಡಗಾಲಲ್ಲಿ ನಡುಬೆರಳಿಲ್ಲ!"

ಎದುರು ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಮಾವನವರು ಎದ್ದು ನಿಂತರು. ಪೇಪರು ಮಾತ್ರ ಇನ್ನೂ ಅವರ ಕೈಯಲ್ಲೇ ನಡುಗುತ್ತಿತ್ತು.

ಮೂವತ್ತು ವರ್ಷ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸಿದ ಕೈ ಅದು. ಈಗ ನಡುಕ ಬಂದು ಹಕ್ಕಿ ಹಿಡಿಯುವಂತಿಲ್ಲ. ಆದರೂ ಅವರು ದಿನಾ ಸೊಸೆಯ ಜೊತೆ ಕೇಂದ್ರಕ್ಕೆ ಬರುತ್ತಿದ್ದರು. ಬಂದವರು ಸುಮ್ಮನೆ ಇದ್ದಾರೆಯೇ? ಹತ್ತೊಂಬತ್ತು ವರ್ಷದ ಹಿಂದೆ ತಾನು ಉಂಗುರ ಹಾಕಿದ ಬೆರಳಿಲ್ಲದ ಗೊರವ ಇನ್ನೂ ಪ್ರತಿವರ್ಷ ಬರುತ್ತಿದೆ, ದುರ್ಬೀನಿನಲ್ಲಿ ನೋಡಿದ್ದೇನೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕೇಂದ್ರದ ಲೆಕ್ಕದಲ್ಲಿ ಗೊರವದ ಅತಿ ಹೆಚ್ಚು ವಯಸ್ಸು ಹನ್ನೊಂದು. "ಬೆರಳು ಯಾವ ಹಕ್ಕಿಗಾದ್ರೂ ಹೋಗುತ್ತೆ ಸಾರ್" ಎಂದು ನಿರ್ದೇಶಕರು ನಗುತ್ತಿದ್ದರು. ಮುದುಕರಿಗೆ ಅರಳುಮರಳು ಎಂದು ಬೆನ್ನ ಹಿಂದೆ ಆಡಿಕೊಂಡದ್ದೂ ಅವರ ಕಿವಿಗೆ ಬಿದ್ದಿತ್ತು. ಅಂದು ರಾತ್ರಿ ಅವರು ಸರಿಯಾಗಿ ಊಟ ಮಾಡಿರಲಿಲ್ಲ.

"ಇನ್ನೊಂದು ಗುರುತು ಇತ್ತಮ್ಮ" ಎಂದರು ಮಾವ. "ಅವತ್ತು ಹೇಳಿ ಬರೆಸಿದ್ದೆ. ಏನು ಅಂತ ಹಾಳಾದ್ದು ನೆನಪಿಗೆ ಬರ್ತಿಲ್ಲ. ಅದು ಸಿಕ್ಕಿದ್ರೆ ಹಕ್ಕಿ ಕೈಯಲ್ಲಿರುವಾಗಲೇ ನೋಡಿಬಿಡಬಹುದು."

ಹಕ್ಕಿಯನ್ನು ಕೈಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅದು ಕೇಂದ್ರದಲ್ಲಿ ಯಾರೂ ಮುರಿಯದ ನಿಯಮ. ಒಮ್ಮೆ ಬಿಟ್ಟರೆ ಮುಗಿಯಿತು, ಅಷ್ಟು ಹಳೆಯ ಹಕ್ಕಿ ಮತ್ತೆ ಬಲೆಗೆ ಬೀಳುತ್ತದೆಂದು ಯಾರೂ ಕಾಯುವುದಿಲ್ಲ.

"ಎಷ್ಟು ನಿಮಿಷ ಆಯ್ತೇ?"

"ಎರಡು, ಅಕ್ಕಾ."

ಸೊಸೆ ಕಂಪ್ಯೂಟರಿನ ಮುಂದೆ ಕೂತಳು. ಎಕ್ಸ್‌ಎಂಎಲ್ ಎಂಬ ರೂಪದಲ್ಲಿದ್ದ, ಹಕ್ಕಿಗೊಂದರಂತೆ ಹಳೆಯ ಅರವತ್ತು ಸಾವಿರ ಕಡತಗಳನ್ನು ಬಿಡಿಸಿ ಡೇಟಾಬೇಸಿನ ಕೋಷ್ಟಕಗಳಲ್ಲಿ ತುಂಬಲು ಅವಳಿಗೆ ಒಂದೂವರೆ ವರ್ಷ ಹಿಡಿದಿತ್ತು. ಮೊದಲು ಒಂದು ಹಕ್ಕಿಯನ್ನು ಹುಡುಕಲು ಕಡತಗಳನ್ನು ಒಂದೊಂದಾಗಿ ತೆರೆಯಬೇಕಿತ್ತು, ಅಷ್ಟರಲ್ಲಿ ಎರಡು ಸಲ ಚಹಾ ಕುಡಿದು ಬರಬಹುದಿತ್ತು. ಈಗ ಜಾತಿ ಗೊರವ, ಬೆಳ್ಳಕ್ಕಿ ಓದಿ ಹೇಳಿದ ನಾಲ್ಕು ಅಂಕಿ ಇವು, ಕಾಣದ ಎರಡು ಜಾಗದಲ್ಲಿ ಏನಿದ್ದರೂ ಸರಿ, ಉಂಗುರ ಹಾಕಿದವರು ಮಾವ ಎಂದು ಕೇಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಸಾಲು ಬಂತು. ಮೂರು ಹಕ್ಕಿ, ಮೂರು ತಾರೀಖು. ಅವಳಿಗೆ ಖುಷಿಯಿಂದ ಕೂಗಬೇಕೆನಿಸಿತು.

ಆದರೆ ಬೆರಳಿನ ಸುದ್ದಿ ಎಲ್ಲಿ? ತೂಕ ಇದೆ, ರೆಕ್ಕೆಯ ಉದ್ದ ಇದೆ, ಕೊಕ್ಕಿನ ಅಳತೆ ಇದೆ. ಬೆರಳಿಲ್ಲ, ಗುರುತಿಲ್ಲ, ಒಂದು ಮಾತೂ ಇಲ್ಲ.

ಹಕ್ಕಿ ಹಿಡಿದವರಿಗೆ ಎರಡೂ ಕೈ ಬೇಕು, ಬರೆಯಲಾಗುವುದಿಲ್ಲ. ಹಾಗಾಗಿ ಅವರು ಬಾಯಲ್ಲಿ ಹೇಳುತ್ತಾ ಹೋಗುವುದು, ಪಕ್ಕದಲ್ಲಿ ಕೂತವರು ಬರೆದುಕೊಳ್ಳುವುದು ಕೇಂದ್ರದ ಪದ್ಧತಿ. ಮಾವನ ಪಕ್ಕ ಕೂತು ಟೈಪು ಮಾಡುತ್ತಿದ್ದವರು ಅತ್ತೆ. ಕಡತದಲ್ಲಿ ತೂಕಕ್ಕೊಂದು ಹೆಸರಿನ ಡಬ್ಬಿ, ರೆಕ್ಕೆಗೊಂದು ಡಬ್ಬಿ. ಡಬ್ಬಿಗೆ ಸೇರದ ಮಾತನ್ನು ಅತ್ತೆ ಎರಡು ಡಬ್ಬಿಗಳ ಸಂದಿಯಲ್ಲಿ ಸೇರಿಸಿಬಿಡುತ್ತಿದ್ದರು. ಸೊಸೆ ಡಬ್ಬಿಗೊಂದು ಕಾಲಂ ಮಾಡಿ, ಸಂದಿಯ ಮಾತನ್ನೆಲ್ಲ ಕೈಬಿಟ್ಟಿದ್ದಳು. ಹೊಟ್ಟು ತೂರಿ ಕಾಳು ಉಳಿಸಿದೆ ಎಂದು ಜಂಬ ಬೇರೆ ಕೊಚ್ಚಿದ್ದಳು. "ನಾವು ಆಡಿದ ಮಾತೆಲ್ಲ ಎಲ್ಲಿ ಹೋಯ್ತಮ್ಮ?" ಎಂದು ಮಾವ ಕೇಳಿದ್ದಕ್ಕೆ "ಮಾತಿಗೆ ಕಾಲಂ ಇಲ್ಲ ಮಾವ" ಎಂದು ನಕ್ಕಿದ್ದಳು. ಈಗ ಆ ನಗು ನೆನೆದು ಅವಳಿಗೆ ನಾಚಿಕೆಯಾಯಿತು.

"ಹಿಂದಿನ ಕೋಣೆ!" ಎಂದು ಎದ್ದು ಓಡಿದಳು. ಮೂಲ ಕಡತಗಳು ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿದ್ದವು. ಹರಿದ ಬಲೆಗಳ ರಾಶಿಯನ್ನು ಎಳೆದು ಹಾಕಿ ಸ್ವಿಚ್ ಒತ್ತಿದರೆ ಆ ಪುಣ್ಯಾತ್ಮ ಗೊರ್ರೆಂದು ಗೊರಕೆ ಹೊಡೆಯಿತೇ ಹೊರತು ಏಳಲಿಲ್ಲ. ಮಾವ ಫೋನು ಹಿಡಿದು ಹಿಂದೆಯೇ ಬಂದರು. ಬ್ಯಾಗು ಹೆಗಲಿಗೆ ಹಾಕಿಕೊಂಡು ಆಗಷ್ಟೇ ಬಂದಿದ್ದ ನಿರ್ದೇಶಕರು, ಏನು ಗಲಾಟೆ ಎಂದು ಬಾಗಿಲಲ್ಲಿ ನಿಂತರು.

"ಆರು ನಿಮಿಷ ಅಕ್ಕಾ. ಹಕ್ಕಿ ಆರಾಮಾಗಿದೆ. ಆದ್ರೆ ಹತ್ತಕ್ಕೆ ಬಿಟ್ಟೇಬಿಡ್ತೀನಿ."

"ಬಿಡಲೇಬೇಕು" ಎಂದರು ಮಾವ. "ನನಗೋಸ್ಕರ ಅರ್ಧ ನಿಮಿಷಾನೂ ಹೆಚ್ಚು ಹಿಡೀಬೇಡ."

ಕೊನೆಗೂ ತೆರೆ ಬೆಳಗಿತು. ಕಡತಗಳ ಹೆಸರೇ ಉಂಗುರ ಹಾಕಿದ ತಾರೀಖು ಮತ್ತು ಉಂಗುರದ ಸಂಖ್ಯೆ. ಕೋಷ್ಟಕ ಕೊಟ್ಟ ಮೂರು ತಾರೀಖು, ಮೂರು ಸಂಖ್ಯೆಯನ್ನು ಅವಳು ಅಂಗೈ ಮೇಲೆ ಗೀಚಿಕೊಂಡಿದ್ದಳು. ಮೊದಲನೆಯದರಲ್ಲಿ ಅಳತೆ ಬಿಟ್ಟರೆ ಏನಿಲ್ಲ. ಎರಡನೆಯದರಲ್ಲಿ "ಅಯ್ಯೋ ಕಚ್ಚಿತು" ಎಂದಷ್ಟೇ ಇತ್ತು. ಮೂರನೆಯದನ್ನು ತೆರೆದವಳು ಮೇಜು ಗುದ್ದಿದಳು. ತೂಕಕ್ಕೂ ರೆಕ್ಕೆಗೂ ನಡುವೆ ಅತ್ತೆಯ ಮಾತು ನಾಲ್ಕು ಸಾಲು ಹರಿದಿತ್ತು.

"ಎಡಗಾಲ ನಡುಬೆರಳು ಇಲ್ಲವಂತೆ. ಬಲ ರೆಕ್ಕೆಯಡಿ ಮೂಳೆ ಮೇಲೆ ಸಾಸಿವೆಯಷ್ಟು ಗಂಟು, ಹಿಂದೆಂದೋ ಮುರಿದು ಕೂಡಿದ್ದಂತೆ. ಹತ್ತು ವರ್ಷ ಕಳೆದರೂ ಇದು ಬರುತ್ತೆ ಅಂತ ಇವರ ಪಂತ. ಬಂದರೆ ಇವರು ಮನೆಯೊಳಗೆ ತರೋ ಕೆಸರು ಬೂಟಿನ ಸುದ್ದಿ ನಾನು ಜನ್ಮದಲ್ಲಿ ಎತ್ತೋದಿಲ್ಲ. ಎಲ್ಲಿ ಬರುತ್ತೆ, ಬಿಡಿ."

"ಬೆಳ್ಳಕ್ಕೀ, ಬಲ ರೆಕ್ಕೆ ಕೆಳಗೆ" ಎಂದು ಸೊಸೆ ಶುರುಮಾಡುವಷ್ಟರಲ್ಲಿ ಮಾವ ಅವಳ ತೋಳು ಹಿಡಿದು ತಡೆದರು.

"ಏನಿದೆ ಅಂತ ನಾವು ಹೇಳ್ಕೊಡಬಾರದು" ಎಂದು ಪಿಸುಗುಟ್ಟಿ, ಫೋನಿಗೆ ಹೇಳಿದರು. "ಎರಡೂ ರೆಕ್ಕೆ ಕೆಳಗೆ ಮೂಳೆ ಮೇಲೆ ಬೆರಳಾಡಿಸಮ್ಮ. ಏನಾದ್ರೂ ಸಿಕ್ಕಿದ್ರೆ ಹೇಳು, ಇಲ್ಲಾಂದ್ರೆ ಇಲ್ಲ ಅನ್ನು."

ಮೂವರೂ ಫೋನಿನ ಮೇಲೆ ಬಾಗಿದರು. ಫೋನಿನಲ್ಲಿ ಗಾಳಿಯ ಸದ್ದು ಮಾತ್ರ.

"ಎಡಕ್ಕೆ ಏನಿಲ್ಲ." ಮತ್ತೆ ಗಾಳಿ. "ಬಲಕ್ಕೆ... ಬಲಕ್ಕೆ ಒಂದು ಗಂಟಿದೆ! ಗಟ್ಟಿ, ಸಣ್ಣದು, ಸಾಸಿವೆ ಥರ! ಯಾಕೆ ಸಾರ್? ಅದೇನಾ ಇದು?"

"ಅದೇ ಕಣಮ್ಮಾ! ಅದೇ!" ಮಾವ ಎಳೆಯ ಮಗುವಿನಂತೆ ಕೂಗಿಬಿಟ್ಟರು. "ಹೊಸ ಉಂಗುರ ಹಾಕಿ ಬಿಟ್ಟುಬಿಡು!"

ಒಂಬತ್ತೂವರೆ ನಿಮಿಷಕ್ಕೆ ಗೊರವ ಹಾರಿತು. ಕೀಚ್ ಎಂದು ಬೈದುಕೊಂಡೇ ಹೋಯಿತಂತೆ. ನಿರ್ದೇಶಕರು ಬಲೆಯ ರಾಶಿಯ ಮೇಲೆಯೇ ಕುಸಿದು ಕೂತು "ಹತ್ತೊಂಬತ್ತಾ?" ಎಂದರು, ಮತ್ತೆ "ಹತ್ತೊಂಬತ್ತು!" ಎಂದರು. ಆಮೇಲೆ ಎದ್ದು ಬಂದು ಮಾವನ ನಡುಗುವ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ, ಆದರೆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಸೊಸೆಗೆ ಕುಣಿಯುವಷ್ಟು ಸಂತೋಷ, ಅಳುವಷ್ಟು ಪಶ್ಚಾತ್ತಾಪ. "ಮಾವ, ಇವತ್ತೇ ಇನ್ನೊಂದು ಕಾಲಂ ಸೇರಿಸ್ತೀನಿ. ಪ್ರತಿ ಸಾಲಿನ ಪಕ್ಕ ಮೂಲ ಕಡತ ಪೂರ್ತಿ, ಒಂದಕ್ಷರ ಬಿಡದ ಹಾಗೆ. ತಪ್ಪಾಯ್ತು."

"ಆಯ್ತು ಬಿಡಮ್ಮ. ಮೊದಲು ಮನೆಗೆ ಫೋನ್ ಹಚ್ಚು."

ಮೊಣಕಾಲು ನೋವಿನಿಂದ ಅತ್ತೆ ಕೇಂದ್ರಕ್ಕೆ ಬರುವುದನ್ನು ಬಿಟ್ಟು ಎಂಟು ವರ್ಷವಾಗಿತ್ತು. ಹಕ್ಕಿಯ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು.

"ಲೇ, ಸೋತೆ ಕಣೇ!" ಎಂದರು ಮಾವ. "ಬೆರಳಿಲ್ಲದ ಗೊರವ ಬಂದಿದೆ. ರೆಕ್ಕೆ ಕೆಳಗೆ ಗಂಟೂ ಸಿಕ್ತು. ಇನ್ಮೇಲೆ ಬೂಟಿನ ಸುದ್ದಿ ಎತ್ತೋ ಹಾಗಿಲ್ಲ!"

ಈಗ ಅತ್ತೆ ಜಗಳಕ್ಕೆ ಮಾತು ಹುಡುಕುತ್ತಿದ್ದಾರೆ ಎಂದುಕೊಂಡಳು ಸೊಸೆ. ಆದರೆ ಆ ಕಡೆಯಿಂದ ಡ್ರಾಯರ್ ಎಳೆದ ಸದ್ದು ಕೇಳಿತು, ಕಾಗದ ಸರಿಸಿದ ಸದ್ದು ಕೇಳಿತು.

"ರೀ, ಪೆನ್ನು ಸಿಕ್ತು" ಎಂದರು ಅತ್ತೆ. "ತೂಕ ಎಷ್ಟು? ನಿಧಾನಕ್ಕೆ ಹೇಳಿ, ಬರ್ಕೋತೀನಿ."