ಗಾಳಿ ಇಳಿಯುವ ಮುನ್ನ

ಶಾದಾಬ್ ಎರಡೂ ಕೈಯಿಂದ ಕಂಬವನ್ನು ಅಪ್ಪಿಕೊಂಡಿದ್ದ. ಬಸರೀಕಟ್ಟೆಯ ತಿರುವಿನಲ್ಲಿ ಸಿಲ್ವರ್ ಮರದ ಕೊಂಬೆಗಳು ಮುರಿದು ತಂತಿಯ ಮೇಲೆ ಬಿದ್ದಿದ್ದವು. ಅವನ್ನು ಕಡಿಯಲು ಏಣಿ ಹತ್ತಿದವನಿಗೆ ಈಗ ಕೈ ಬಿಡುವ ಹಾಗಿರಲಿಲ್ಲ; ಕಂಬವೇ ತೂಗುತ್ತಿತ್ತು. ಗಾಳಿಯ ವೇಗ ಗಂಟೆಗೆ ಐವತ್ತು ಕಿಲೋಮೀಟರ್ ದಾಟಿದರೆ ಕಂಬ ಹತ್ತಬಾರದು ಎಂದು ಕಚೇರಿಯ ಗೋಡೆಯ ಮೇಲೆ ಬರೆದಿದೆ. ಗೋಡೆಗೆ ಗಾಳಿ ತಾಗುವುದಿಲ್ಲ. ಅವನಂಥ ಗುತ್ತಿಗೆ ಲೈನ್‌ಮನ್‌ಗೆ ಫೋನಿನಲ್ಲಿ ಬರುವ ಮಾತೇ ಬೇರೆ: "ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ಬೇರೆಯವ್ರು ಇದಾರೆ."

ಕೊಪ್ಪದಿಂದ ಲೈನ್ ಆಫ್ ಮಾಡಿಸಿದ್ದ. ಆದರೆ ತಂತಿಯನ್ನು ನೆಲಕ್ಕೆ ಜೋಡಿಸುವ ಸರಪಳಿ ಇರಲಿಲ್ಲ. ಅದಿದ್ದರೆ ತಂತಿಗೆ ಎಲ್ಲಿಂದ ಕರೆಂಟು ಬಂದರೂ ಜೀವ ಉಳಿಯುತ್ತದೆ. ಮೂರು ಜನಕ್ಕೆ ಒಂದೇ ಸರಪಳಿ. ಅದು ಬೆಳಿಗ್ಗೆಯೇ ಶೃಂಗೇರಿ ಕಡೆ ಹೋಗಿತ್ತು.

ಅವನ ಹೆಂಡತಿ ನಸ್ರೀನ್ ಎದುರಿನ ತನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಗುಡ್ಡದ ಮೇಲಿನ ಕಾಫಿ ಎಸ್ಟೇಟಿನಿಂದ ಜನರೇಟರ್ ಸದ್ದು ಕೇಳಿತು. ಜನರೇಟರ್ ಹಾಕಿದಾಗ ಹೊರಗಿನ ಲೈನನ್ನು ತಾನೇ ಬೇರ್ಪಡಿಸುವ ಅಲ್ಲಿಯ ಚೇಂಜ್‌ಓವರ್ ಸ್ವಿಚ್ ಹೋದ ಮಳೆಗಾಲದಲ್ಲೇ ಸುಟ್ಟಿದೆ ಎಂದು ಶಾದಾಬನೇ ಹೇಳಿದ್ದ. ಮೇನ್ ಇಳಿಸದೆ ಜನರೇಟರ್ ಹಾಕಿದರೆ ಕರೆಂಟು ಹಿಂದಕ್ಕೆ, ಇದೇ ತಂತಿಗೆ ಹರಿಯುತ್ತದೆ.

"ತಂತಿ ಮುಟ್ಬೇಡಿ! ಜನರೇಟರ್!"

ಗಾಳಿ ಆ ಕೂಗನ್ನು ಕಿತ್ತೊಯ್ದಿತು. ಅವನು ಕತ್ತು ಕೂಡ ಬಗ್ಗಿಸಲಿಲ್ಲ.

ಗಾಳಿ ಇರುವಷ್ಟು ಹೊತ್ತು ಆ ಕೈಗಳು ಕಂಬ ಬಿಡುವುದಿಲ್ಲ. ಗಾಳಿ ಇಳಿದ ಕ್ಷಣ ತಂತಿಗೆ ಹೋಗುತ್ತವೆ. ನಸ್ರೀನ್ ಎಸ್ಟೇಟಿನ ಏರು ಹತ್ತಿ ಓಡಿದಳು. ಬೆಳಗಿನಿಂದ ನಿಲ್ಲಲಿ ಎಂದು ಬೇಡಿದ್ದ ಗಾಳಿಯನ್ನು ಈಗ ನಿಲ್ಲಬೇಡ, ನಿಲ್ಲಬೇಡ ಎಂದು ಬೇಡುತ್ತಿದ್ದಳು.

ಎಸ್ಟೇಟಿನ ಯಜಮಾನ ಯಶವಂತ ಶೆಡ್ಡಿನಲ್ಲಿ ಫೋನು ಚಾರ್ಜಿಗಿಟ್ಟು ನಿಂತಿದ್ದ.

"ಯಶವಂತಣ್ಣ, ಆಫ್ ಮಾಡಿ! ಅವ್ರು ಕಂಬದ ಮೇಲಿದಾರೆ!"

"ಎಂತ ಮಾರಾಯ್ತಿ, ಗಾಳಿಗೆ ಹಾರ್ಕೊಂಡು ಬಂದ್ಯಾ? ಮೇನ್ ಇಳ್ಸಿದೆ. ಅಲ್ವನಾ ಮಂಜಪ್ಪ?"

ಜನರೇಟರ್ ನೋಡಿಕೊಳ್ಳುವ ಮಂಜಪ್ಪ ತಲೆ ಕೆರೆದುಕೊಂಡ. "ಊರಿಗೇ ಕರೆಂಟಿಲ್ಲ... ಇನ್ನು ಇಳ್ಸೋದೆಂತಕ್ಕೆ ಅಂತ..."

ಅಷ್ಟರಲ್ಲಿ ತಗಡಿನ ಮಾಡಿನ ಬಡಿತ ನಿಂತಿತು. ಮರಗಳು ನಿಂತವು.

ನಸ್ರೀನ್ ಮಂಜಪ್ಪನನ್ನು ತಳ್ಳಿ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆದಳು. ತಿರುಗಿ ಓಡಿದಳು. ಕಂಬ ಕಾಣುವ ಜಾಗಕ್ಕೆ ಬಂದಾಗ ನೋಡಲಾಗದೆ ಕಣ್ಣು ಮುಚ್ಚಿದಳು.

ಕತ್ತಿಯ ಏಟು ಕೇಳಿತು. ಮತ್ತೊಂದು.

"ಅಂಗಡಿ ಬಿಟ್ಟು ಎಲ್ಲಿಗೆ ಓಡಿದ್ದೆ?" ಕಂಬದ ಬುಡಕ್ಕೆ ಬಂದವಳನ್ನು ಮೇಲಿನಿಂದ ಶಾದಾಬ್ ಕೇಳಿದ. ಅವನ ಒಂದು ಕೈ ತಂತಿಯ ಮೇಲಿತ್ತು.

"ಇಳೀರಿ."

ಹಿಂದೆಯೇ ಬಂದ ಯಶವಂತ ಏದುಸಿರು ಬಿಡುತ್ತಿದ್ದ. "ಏನೂ ಆಗ್ಲಿಲ್ವಲ್ಲ. ಗಾಳಿನೂ ನಿಂತಿದೆ. ಇನ್ನೊಂದೇ ಕೊಂಬೆ, ಕಡಿದೇ ಬಿಡ್ಲಿ."

"ನೀವು ಹತ್ತಿ, ಯಶವಂತಣ್ಣ. ಏಣಿ ನಾನು ಹಿಡೀತೀನಿ."

ಯಶವಂತ ತಂತಿಯನ್ನೊಮ್ಮೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಶಾದಾಬ್ ಇಳಿಯತೊಡಗಿದ. ನೆಲ ಮುಟ್ಟುವ ಮೊದಲೇ ನಸ್ರೀನ್ ಅವನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆಚ್ಚಗಿತ್ತು.