ಹೊಟ್ಟಿನ ಮಡಕೆಯ ಸರಗಳು

ಜಯಶೀಲಾ ಹೊಟ್ಟಿನ ಮಡಕೆಯೊಳಗೆ ಮೊಣಕೈವರೆಗೆ ಕೈ ಇಳಿಸಿದ್ದಳು. ಅಷ್ಟರಲ್ಲಿ ಅಂಗಳದಿಂದ ಬೋರಣ್ಣ ಗದರಿದರು.

“ಕೈ ತೆಗಿಯಮ್ಮಾ! ಸೂತಕದ ಮನೆಯಿಂದ ಹನ್ನೊಂದು ದಿನ ಒಂದು ಹುಲ್ಲುಕಡ್ಡೀನೂ ಆಚೆ ತಗೊಂಡು ಹೋಗಬಾರ್ದು.”

ಕೈ ಅಲ್ಲೇ ನಿಂತಿತು. ಬೋರಣ್ಣ ಅವಳ ಅತ್ತೆ ಮುನಿವೆಂಕಟಮ್ಮನ ತಮ್ಮ. ಅತ್ತೆ ಬೆಳಿಗ್ಗೆ ತೀರಿಕೊಂಡಿದ್ದರು. ಈಗ ಅಂಗಳದಲ್ಲಿ ಸೇವಂತಿಗೆಯ ನಡುವೆ, ಏನೋ ತಮಾಷೆ ನೆನಪಾದವರಂತೆ ಮಲಗಿದ್ದರು.

ಸಿದ್ದಾಪುರದ, ಸುತ್ತಮುತ್ತಲಿನ ಹೆಂಗಸರು ತೊಳೆಯಲು ಕೊಟ್ಟ ಸರಗಳೆಲ್ಲ ಆ ಮಡಕೆಯಲ್ಲಿದ್ದವು. ಹವಳ, ಮುತ್ತು, ಕೆಂಪುಕಲ್ಲು, ಬೆಳ್ಳಿಗುಂಡು. ಮುನಿವೆಂಕಟಮ್ಮ ಅವನ್ನು ತೊಳೆದು, ನೆರಳಲ್ಲಿ ಆರಿಸಿ, ದಾರ ಸವೆದಿದ್ದರೆ ಹೊಸದಾಗಿ ಪೋಣಿಸಿ, ಒಡತಿಯ ಹಳೆ ಸೀರೆಯ ತುಂಡಿನಲ್ಲೇ ಸುತ್ತಿ ಭತ್ತದ ಹೊಟ್ಟಿನಲ್ಲಿ ಹುಗಿದಿಡುತ್ತಿದ್ದರು. ಅಕ್ಷರ ಬಾರದ ಅವರಿಗೆ ಸೀರೆಯ ಅಂಚೇ ಹೆಸರು. ತಮ್ಮ ಗದ್ದೆ ಜಯನಗರದ ಸೈಟುಗಳಾದ ಮೇಲೂ ತಲಘಟ್ಟಪುರದಿಂದ ಹೊಟ್ಟು ತರಿಸುವುದನ್ನು ಬಿಟ್ಟಿರಲಿಲ್ಲ.

ಗೇಟಿನಾಚೆ ಹೊಂಗೆ ಮರದಡಿ ಜಯನಗರದ ಚೂಡಾಮಣಿ ನಿಂತಿದ್ದರು. ಇನ್ನು ಒಂಬತ್ತು ದಿನಕ್ಕೆ ಮಗಳ ಮದುವೆ; ಹಾಗಾಗಿ ಸಾವಿನ ಮನೆಗೆ ಕಾಲಿಡಲು ಅಳುಕು. ಆದರೆ ಅವರ ಹವಳ ಬೆಳ್ಳಿಗುಂಡಿನ ಸರ ಈ ಮಡಕೆಯಲ್ಲಿತ್ತು. ಮೂರು ತಲೆಮಾರಿನಿಂದ ಆ ಮನೆಯ ಹೆಣ್ಣುಮಕ್ಕಳು ಅದನ್ನು ಹಾಕಿಕೊಂಡೇ ಧಾರೆಗೆ ಕೂತವರು. “ಶುಕ್ರವಾರ ಕೊಡ್ತೀನಿ” ಎಂದು ಅತ್ತೆ ಮಾತು ಕೊಟ್ಟಿದ್ದರು. ಇವತ್ತೇ ಶುಕ್ರವಾರ. ಅತ್ತೆ ಯಾವತ್ತೂ ಹೇಳಿದ ದಿನ ತಪ್ಪಿಸಿದವರಲ್ಲ. ಕೊನೆಯ ದಿನವೇ ತಪ್ಪುವುದೇ?

* * *

ಮದುವೆಯಾಗಿ ಬಂದ ಹೊಸತು. ಅತ್ತೆಯನ್ನು ಮೆಚ್ಚಿಸಬೇಕೆಂದು ಜಯಶೀಲಾ, ದೀಪ ತಿಕ್ಕುವ ಹುಣಸೆಹಣ್ಣಿನಲ್ಲೇ ಪಕ್ಕದ ಮನೆ ಸಿದ್ದಗಂಗಮ್ಮನ ಸರ ತಿಕ್ಕಿಬಿಟ್ಟಿದ್ದಳು. ಬೆಳ್ಳಿ ಫಳಫಳ ಅಂತು. ಹವಳ ಸುಣ್ಣ ಬಳಿದಂತೆ ಮಂಕಾಯಿತು.

ಅತ್ತೆ ಸರವನ್ನು ಬಿಸಿಲಿಗೆ ಹಿಡಿದು ನೋಡಿ ನಕ್ಕುಬಿಟ್ಟರು. “ಅಯ್ಯೋ ಮಂಗಾ! ಹುಳಿ ತಾಗಿದ್ರೆ ಹವಳಕ್ಕೆ ಚರ್ಮ ಸುಲಿದ ಹಾಗೆ. ಬೆಳ್ಳಿಗೆ ವಿಭೂತಿ, ಹವಳಕ್ಕೆ ಬರೀ ಒದ್ದೆ ಬಟ್ಟೆ. ಇಬ್ರೂ ಒಂದೇ ದಾರದಲ್ಲಿದ್ರೆ, ಮೆತ್ತಗಿರೋರ ಮಾತೇ ನಡೀಬೇಕು.”

ಸಂಜೆ ಸಿದ್ದಗಂಗಮ್ಮ ಬಂದಾಗ ಜಯಶೀಲಾ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಅತ್ತೆ ಕಣ್ಣುಜ್ಜಿಕೊಂಡರು. “ವಯಸ್ಸಾಯ್ತು ಕಣೆ ನಂಗೆ. ಅಂಟುವಾಳ ಅಂದ್ಕೊಂಡು ಹುಣಸೆಹಣ್ಣು ಹಾಕ್ಬಿಟ್ಟೆ.”

* * *

“ಬೋರಣ್ಣ,” ಹೆಣದ ಪಕ್ಕ ಕೂತಿದ್ದ ಸಿದ್ದಗಂಗಮ್ಮ ಎಂದಳು, “ನಿಮ್ಮಕ್ಕ ಎದ್ದು ಬಂದ್ರೆ ಆ ಹೊಟ್ಟನ್ನ ನಿನ್ನ ಬಾಯಿಗೇ ತುಂಬ್ತಾಳೆ.”

“ಶಾಸ್ತ್ರ ನಾನು ಮಾಡಿದ್ದಾ?” ಬೋರಣ್ಣ ತಲೆ ಕೆರೆದುಕೊಂಡರು. “ನಾಳೆ ಯಾರಿಗಾದ್ರೂ ಜ್ವರ ಬಂದ್ರೆ ಈ ಮನೆಯಿಂದ ಬಂತು ಅಂತಾರೆ.”

ಜಯಶೀಲಾ ಅಂಗಳದಲ್ಲಿ ಸೇರಿದ್ದ ಹೆಂಗಸರನ್ನೇ ನೋಡುತ್ತಿದ್ದಳು. ಅವರ ಓಲೆ, ಬಳೆ, ಮೂಗುಬಟ್ಟು. ನಾಲ್ಕು ಜನರ ಮುಂದೆ ಅವಳು ಬಾಯಿ ಬಿಟ್ಟವಳಲ್ಲ.

“ಮಾವ, ಒಂದು ಕೇಳ್ಲಾ?”

“ಜೋರಾಗಿ ಕೇಳಮ್ಮ, ಮಡಕೆ ಒಳಗೆ ಮಾತಾಡ್ಬೇಡ.”

“ಸಿದ್ದಗಂಗಮ್ಮನೋರು ತಮ್ಮ ಮೂಗುಬಟ್ಟು ಇಲ್ಲೇ ಬಿಚ್ಚಿಟ್ಟು ಹೋಗ್ಬೇಕಾ?”

“ಅದ್ಯಾಕೆ? ಅದು ಮೈಮೇಲಿರೋದು. ಮನೆಗೆ ಹೋಗಿ ತಲೆ ಮೇಲೆ ನೀರು ಹುಯ್ಕೊಂಡ್ರೆ ಅದಕ್ಕೂ ಸ್ನಾನ ಆಯ್ತು.”

“ಹಂಗಾದ್ರೆ ಸರಾನೂ ಮೈಮೇಲೇ ಹೋಗ್ಲಿ. ಯಾರೂ ಕೈಯಲ್ಲಿ ತಗೊಂಡು ಹೋಗೋದು ಬೇಡ.”

ಬೋರಣ್ಣ ಅಕ್ಕನ ಮುಖ ನೋಡಿದರು.

“ಅಕ್ಕನ ಹತ್ರ ಸೋತಿದ್ದು ಸಾಲ್ದು ಅಂತ ಸೊಸೆ ಹತ್ರಾನೂ ಸೋತ್ಯಾ?” ಸಿದ್ದಗಂಗಮ್ಮ ನಕ್ಕಳು. ಅಳುತ್ತಿದ್ದವರೂ ನಕ್ಕರು.

“ಹಾಕ್ಕೊಳ್ಳಿ, ಹಾಕ್ಕೊಳ್ಳಿ,” ಎಂದರು ಬೋರಣ್ಣ. “ಬೇಗ ಆಗ್ಲಿ, ಹೊರೋರಿಗೆ ದಾರಿ ಬೇಕು.”

ಗಂಟುಗಳು ಒಂದೊಂದಾಗಿ ಹೊರಬಂದವು. “ಇದು ನನ್ನ ಬಾಣಂತನದ ಸೀರೆ!” ಎಂದಳೊಬ್ಬಳು. “ಅಯ್ಯೋ, ಈ ಬದನೆಕಾಯಿ ಬಣ್ಣಕ್ಕೆ ನನ್ನ ಗಂಡ ಮೂರು ದಿನ ಮಾತು ಬಿಟ್ಟಿದ್ರು” ಎಂದಳು ಇನ್ನೊಬ್ಬಳು. ಜಯಶೀಲಾ ಒಬ್ಬೊಬ್ಬರ ಕೊರಳಿಗೂ ಸರ ಹಾಕಿದಳು. ಮಂಕು ಹವಳದ ಸರಕ್ಕೆ ಸಿದ್ದಗಂಗಮ್ಮ ಕತ್ತು ಬಗ್ಗಿಸಿ ಪಿಸುಗುಟ್ಟಿದಳು: “ಆ ಹುಣಸೆಹಣ್ಣು ನಿಂದು ಅಂತ ಅವತ್ತೇ ಗೊತ್ತಿತ್ತು ಕಣೆ. ಅವಳು ಸುಳ್ಳು ಹೇಳಿದ ಚಂದ ನೋಡಿ ಸುಮ್ನಾದೆ.”

ಕೊನೆಗೆ ಚೂಡಾಮಣಿಯವರ ನೀಲಿ ಅಂಚಿನ ಗಂಟು ಉಳಿಯಿತು. ಜಯಶೀಲಾ ಅದನ್ನು ಹಿಡಿದು ಗೇಟಿನ ಕಡೆ ನೋಡಿದಳು. ಮುಂದಿನ ಹೆಜ್ಜೆ ಅವಳದಲ್ಲ.

ಚೂಡಾಮಣಿ ಒಂದು ಗಳಿಗೆ ಮರದಡಿಯೇ ನಿಂತರು. ಆಮೇಲೆ ನೆರಿಗೆ ಎತ್ತಿ ಹಿಡಿದು ಸರಸರನೆ ಒಳಗೆ ಬಂದರು.

“ಮುಟ್ಟಿದ್ರೆ ಸ್ನಾನ ಆಗ್ಬೇಕಮ್ಮ ನಿಮ್ಗೆ,” ಜಯಶೀಲಾ ಎಂದಳು.

“ಸ್ನಾನ ತಾನೆ? ಮನೇಲಿ ಹಂಡೆಯಲ್ಲಿ ನೀರು ಕಾಯ್ತಿದೆ. ನೀನು ಹಾಕು.”

ತಮಟೆ ಶುರುವಾಯಿತು. ಮುನಿವೆಂಕಟಮ್ಮನನ್ನು ಹೊತ್ತು ರಸ್ತೆಗೆ ತಂದಾಗ ಬಿ.ಟಿ.ಎಸ್. ಬಸ್ಸೊಂದು ನಿಂತಿತು. ಸಾಲಾಗಿ ನಿಂತಿದ್ದ ಹೆಂಗಸರನ್ನು ಕಂಡು ಕಿಟಕಿಯಿಂದ ಒಬ್ಬಾಕೆ, “ಯಾರ ಮದುವೇರೀ?” ಎಂದು ಕೇಳಿದಳು. ಹೆಂಗಸರೆಲ್ಲ ಒಟ್ಟಿಗೆ ಮುನಿವೆಂಕಟಮ್ಮನಿಗೆ ಬಗ್ಗಿ ನಮಸ್ಕರಿಸಿದರು. ಹದಿನಾಲ್ಕು ಸರಗಳು ಕೊರಳಿಂದ ಮುಂದಕ್ಕೆ ಜೋತು, ಬಿಸಿಲಲ್ಲಿ ಮಿನುಗುತ್ತ, ದಾರಿಗೆ ಎರಚಿದ್ದ ಪುರಿಯ ಮೇಲೆ ತೂಗಿದವು.